ಬಿಟ್ಟಿ ಸಂಗೀತ, ಉಚಿತ ಪ್ರವೇಶ

ಕಾಸಿಲ್ಲದೆ ಸಿಗುವುದಕ್ಕೆ ಕನ್ನಡದಲ್ಲಿ ಎರಡು ಮಾತಿವೆ. ಕರಪತ್ರದಲ್ಲಿ 'ಪ್ರವೇಶ ಉಚಿತ' ಅಂತ ಅಚ್ಚು ಹಾಕಿಸುತ್ತಾರೆ. ಬೀದಿಯ ಬಾಯಲ್ಲಿ ಅದು 'ಬಿಟ್ಟಿ'. ಉಚಿತ ಅಂದರೆ ತಕ್ಕದ್ದು, ಯೋಗ್ಯವಾದದ್ದು. ನಮ್ಮ ಕಾವ್ಯಮೀಮಾಂಸಕರು ಬೆಳೆಸಿದ 'ಔಚಿತ್ಯ' ಇದರ ಮಗಳು. ಬಿಟ್ಟಿ ಬಂದದ್ದು 'ವಿಷ್ಟಿ'ಯಿಂದ, ಅಂದರೆ ಕೂಲಿ ಕೊಡದೆ ಬಲವಂತಕ್ಕೆ ಮಾಡಿಸಿಕೊಳ್ಳುವ ದುಡಿಮೆಯಿಂದ. ಒಂದರಲ್ಲಿ ಪಡೆಯುವವನ ಸುಖವಿದೆ, ಇನ್ನೊಂದರಲ್ಲಿ ಕೊಡುವವನ ಬೆನ್ನಿದೆ. ಊರೊಳಗಿನ ಪುಕ್ಕಟೆ ಸಂಗೀತೋತ್ಸವಗಳ ಬಗ್ಗೆ ದಲಿತ ವಿಮರ್ಶೆ ಮಾತಾಡುವುದಾದರೆ ಈ ಎರಡು ಮಾತುಗಳ ನಡುವೆ ನಿಂತು ಮಾತಾಡಬೇಕು.

ನಾನು ಚನ್ನರಾಯಪಟ್ಟಣದ ಕಡೆಯವನು. ನಮ್ಮ ಸೀಮೆಯಲ್ಲಿ ಪುಕ್ಕಟೆ ಸಂಗೀತಕ್ಕೇನೂ ಬರವಿಲ್ಲ. ಗಣೇಶನ ಪೆಂಡಾಲು, ರಾಮನವಮಿ ಚಪ್ಪರ, ರಾಜ್ಯೋತ್ಸವದ ವೇದಿಕೆ, ಎಲ್ಲ ಕಡೆ ಟಿಕೇಟಿಲ್ಲದೆ ಹಾಡು ಸಿಗುತ್ತದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವಂತೂ ಸಂಗೀತದ ಊರೆಂದೇ ಹೆಸರಾದದ್ದು. ಕಾವೇರಿ ದಂಡೆಯ ಈ ಊರು ಆರ್.ಕೆ. ಶ್ರೀಕಂಠನ್ (1920–2014) ಅವರನ್ನು, ರುದ್ರಪಟ್ಟಣಂ ಸೋದರರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅವರನ್ನು, ಆರ್.ಕೆ. ಪದ್ಮನಾಭ ಅವರನ್ನು ಕೊಟ್ಟಿದೆ. ಪದ್ಮನಾಭರ ಮುತುವರ್ಜಿಯಿಂದ ಅಲ್ಲಿ ತಂಬೂರಿಯ ಆಕಾರದಲ್ಲೇ ಒಂದು ಮಂದಿರ ಎದ್ದಿದೆ, ವರ್ಷಕ್ಕೊಮ್ಮೆ ಸಂಗೀತೋತ್ಸವ ನಡೆಯುತ್ತದೆ. ಒಂದು ಹಳ್ಳಿ ತನ್ನ ವಿದ್ಯೆಯನ್ನು ಹೀಗೆ ಕಾಪಾಡಿಕೊಂಡದ್ದು ಸಣ್ಣ ಮಾತಲ್ಲ. ಅದನ್ನು ಹೀಗಳೆಯುವುದು ವಿಮರ್ಶೆಯಲ್ಲ, ಹೊಟ್ಟೆಕಿಚ್ಚು.

ನನ್ನ ಪ್ರಶ್ನೆ ಬೇರೆ. ತಂಬೂರಿಯನ್ನು ಮನೆತನದಿಂದ ಮನೆತನಕ್ಕೆ ದಾಟಿಸಿದರೆ ಅದು ಪರಂಪರೆ. ತಮಟೆಯನ್ನು ಹಾಗೇ ದಾಟಿಸಿದರೆ ಅದಕ್ಕೆ ಚಾಕರಿ ಅಂತ ಯಾಕೆ ಹೆಸರು ಬಂತು? ದೇವರು ಹೊರಡಬೇಕಾದರೆ ತಮಟೆ ಬೇಕು, ಹೆಣ ಸಾಗಬೇಕಾದರೆ ತಮಟೆ ಬೇಕು, ಊರಿಗೆ ಸಾರು ಹಾಕಬೇಕಾದರೂ ತಮಟೆ ಬೇಕು. ಬಾರಿಸಿದವನ ಪಾಲಿಗೆ ಕಣದ ಒಂದು ಮೊರ ರಾಗಿ, ಹಬ್ಬದ ಮಿಕ್ಕ ಅನ್ನ. ತೋಟಿ, ತಳವಾರಿಕೆಗಳನ್ನು 1961ರ ಕಾಯಿದೆ ತೆಗೆಯಿತು. 1976ರಲ್ಲಿ ಜೀತ ಹೋಯಿತು. ತಮಟೆಯ ಹಂಗು ಮಾತ್ರ ಹಲವು ಕಡೆ ಉಳಿದೇ ಹೋಯಿತು. 'ಹಿಂದ್ಲಿಂದ ನಡ್ಕೊಂಡ್ ಬಂದದ್ದು ಕಣ್ರಲಾ, ಬಿಡೋಕಾಯ್ತದಾ?' ಅಂದರೆ ಮುಗಿಯಿತು. ಬಿಟ್ಟಿ ಸಂಗೀತ ಅಂದರೆ ನಮ್ಮ ಕೇರಿಗಳ ಪಾಲಿಗೆ ಇದು. ಊರು ಪುಕ್ಕಟೆ ಕೇಳಿದ್ದರ ಬೆಲೆಯನ್ನು ಕೇರಿ ತೆತ್ತಿದೆ.

ದಲಿತ ಚಳವಳಿ ಬಂದ ಮೇಲೆ ಎಷ್ಟೋ ಕೇರಿಗಳು 'ಇನ್ಮೇಲೆ ಬಾರ್ಸೋಲ್ಲ' ಅಂದವು. ಅದಕ್ಕೆ ಬಹಿಷ್ಕಾರ ಉಂಡವು. ಅದೇ ಚಳವಳಿ ತನ್ನ ಜಾಥಾಗಳ ಮುಂದೆ ತಮಟೆ ಹಿಡಿದು ನಡೆಯಿತು. ಇದು ವಿರೋಧಾಭಾಸ ಅಂತ ಕೆಲವು ಗೆಳೆಯರು ಆಡಿಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಚರ್ಮ ಅದೇ, ಕೋಲು ಅದೇ. ಯಾವಾಗ ಬಾರಿಸಬೇಕು, ಯಾರಿಗಾಗಿ ಬಾರಿಸಬೇಕು ಅನ್ನುವುದನ್ನು ತೀರ್ಮಾನಿಸುವ ಕೈ ಬದಲಾಗಿದೆ. ಔಚಿತ್ಯವನ್ನು ನಿರ್ಧರಿಸುವ ಅಧಿಕಾರ ಮೊದಲ ಸಲ ನುಡಿಸುವವನಿಗೆ ಬಂದಿದೆ. ದಲಿತ ಸೌಂದರ್ಯಮೀಮಾಂಸೆ ಅನ್ನುವುದು ಏನಾದರೂ ಇದ್ದರೆ ಅದು ಶುರುವಾಗುವುದು ಇಲ್ಲಿಂದ.

ಇನ್ನು ಜಾಗದ ಮಾತು. ಸಂಗೀತಕ್ಕೆ ಟಿಕೇಟಿಲ್ಲ ಅಂದ ಮಾತ್ರಕ್ಕೆ ಬಾಗಿಲು ತೆರೆದಿದೆ ಅಂತಲ್ಲ. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದೇವಸ್ಥಾನದೊಳಕ್ಕೆ ಹೋದ ದಲಿತ ಹೆಣ್ಣುಮಕ್ಕಳಿಗೆ ದಂಡ ಹಾಕಿದ ಸುದ್ದಿ 2015ರಲ್ಲಿ ನಾಡಿಗೆಲ್ಲ ಗೊತ್ತಾಯಿತು. ದೇವಸ್ಥಾನಕ್ಕೂ ಟಿಕೇಟಿರಲಿಲ್ಲವಲ್ಲ! ಗುಡಿಯ ಬಾಗಿಲಲ್ಲೇ ಹೀಗಾದರೆ ಗುಡಿಯ ಮುಂದೆ ಹಾಕಿದ ಚಪ್ಪರ ಎಲ್ಲರದೂ ಅಂತ ಯಾವ ಬಾಯಲ್ಲಿ ಹೇಳೋಣ? ಅದೇ 2015ರಲ್ಲಿ ತಿದ್ದುಪಡಿಯಾದ ದೌರ್ಜನ್ಯ ತಡೆ ಕಾಯಿದೆ, ಜಾತ್ರೆ ಮೆರವಣಿಗೆಗಳಲ್ಲಿ ಭಾಗವಹಿಸದಂತೆ ತಡೆಯುವುದನ್ನೂ ಅಪರಾಧ ಅಂತ ಬರೆಯಬೇಕಾಗಿ ಬಂತು. ಸುಮ್ಮನೆ ಬರೆಯಲಿಲ್ಲ.

ಚೆನ್ನೈನ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. 2015ರಲ್ಲಿ ಗಾಯಕ ಟಿ.ಎಂ. ಕೃಷ್ಣ ಮತ್ತು ಗೆಳೆಯರು ಊರೂರ್ ಆಲ್ಕಾಟ್ ಕುಪ್ಪಂ ಎಂಬ ಬೆಸ್ತರ ಹಟ್ಟಿಯಲ್ಲಿ ಪುಕ್ಕಟೆ ಉತ್ಸವ ಶುರುಮಾಡಿದರು. ಸಭಾಗಳ ಸಂಗೀತ ಕಡಲ ದಂಡೆಗೆ ಇಳಿಯಿತು, ಪರೈ ವಾದ್ಯಕ್ಕೂ ಆ ಉತ್ಸವದಲ್ಲಿ ಜಾಗ ಸಿಕ್ಕಿತು. ಮೆಚ್ಚಬೇಕಾದ್ದೇ. ಆದರೆ ಕೃಷ್ಣ ಅವರೇ ಮೃದಂಗ ಮಾಡುವ ಕುಶಲಿಗಳ ಬಗ್ಗೆ 'ಸೆಬಾಸ್ಟಿಯನ್ ಅಂಡ್ ಸನ್ಸ್' ಬರೆದಾಗ ಏನಾಯಿತು? 2020ರ ಜನವರಿಯಲ್ಲಿ ಕಲಾಕ್ಷೇತ್ರ ಆ ಪುಸ್ತಕದ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ವಾಪಸು ತೆಗೆದುಕೊಂಡಿತು. ಆ ಕುಶಲಿಗಳಲ್ಲಿ ಹೆಚ್ಚಿನವರು ದಲಿತ ಕ್ರೈಸ್ತರು. ಹಸುವಿನ ಚರ್ಮ ಮೃದಂಗವಾಗಿ ಒಳಗೆ ಹೋಗಬಹುದು. ಅದನ್ನು ಹದ ಮಾಡಿದವನ ಕಥೆ ಮಾತ್ರ ಒಳಗೆ ಹೋಗಬಾರದು.

ಫ್ರಾನ್ಸಿನಲ್ಲಿ 1982ರಿಂದ ಪ್ರತಿ ಜೂನ್ 21ಕ್ಕೆ ಸಂಗೀತದ ಹಬ್ಬ ನಡೆಯುತ್ತದೆ. ಬೀದಿ, ಚೌಕ, ಹೋಟೆಲು, ಎಲ್ಲೆಂದರಲ್ಲಿ ಯಾರು ಬೇಕಾದರೂ ನುಡಿಸಬಹುದು. ಹಬ್ಬದ ಹೆಸರನ್ನು ಅವರ ನುಡಿಯಲ್ಲಿ ಕಿವಿಯಿಂದ ಕೇಳಿದರೆ 'ಸಂಗೀತ ಮಾಡಿರಿ' ಅಂತಲೂ ಅರ್ಥವಾಗುತ್ತದೆ. ನಮ್ಮಲ್ಲಿ ಪುಕ್ಕಟೆ ಅಂದರೆ 'ಬಂದು ಕೇಳಿರಿ'. ಕೇಳುವ ಸ್ವಾತಂತ್ರ್ಯಕ್ಕೂ ನುಡಿಸುವ ಸ್ವಾತಂತ್ರ್ಯಕ್ಕೂ ನಡುವೆ ಒಂದು ಊರಿನಷ್ಟು ದೂರವಿದೆ.

ನಮ್ಮ ಸಂಗೀತ ವಿಮರ್ಶೆಯ ಕಿವಿಯನ್ನೂ ಸ್ವಲ್ಪ ನೋಡೋಣ. ಮೃದಂಗದವರು ವೇದಿಕೆ ಮೇಲೆ ಕುಟ್ಟಿ ಶ್ರುತಿ ಮಾಡಿಕೊಂಡರೆ ಸಭೆ ತಾಳ್ಮೆಯಿಂದ ಕಾಯುತ್ತದೆ. ಅದು ಕಲೆಯ ಶಿಸ್ತು. ತಮಟೆಯವರು ಹುಲ್ಲು ಹೊತ್ತಿಸಿ ಚರ್ಮ ಕಾಯಿಸಿದರೆ 'ಬೇಗ ಆಗ್ಲಪ್ಪ' ಅಂತಾರೆ. ಎರಡೂ ಒಂದೇ ಕೆಲಸ, ಚರ್ಮವನ್ನು ನಾದಕ್ಕೆ ತರುವುದು. ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳು ಕಡ್ಡಿ. ಎರಡು ಬೇರೆ ಬೇರೆ ಲಯಗಳು ಹೆಜ್ಜೆಯೊಂದಿಗೆ ಬೆರೆಯುವ ಆ ಲೆಕ್ಕಾಚಾರವನ್ನು ಎಷ್ಟು ವಿಮರ್ಶಕರು ಕೂತು ಕೇಳಿದ್ದಾರೆ? 2023ರಲ್ಲಿ ತಮಟೆಯ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು. ಸಂತೋಷವೇ. ಹಾಗಿದ್ದೂ ತಮಟೆಯನ್ನು 'ಜಾನಪದ' ಅನ್ನುವ ಗೂಟಕ್ಕೆ ಕಟ್ಟಿ, ಮಂತ್ರಿಗಳು ಕಾರಿನಿಂದ ಇಳಿದು ವೇದಿಕೆ ಹತ್ತುವವರೆಗೆ ಬಾರಿಸಿ, ಆಮೇಲೆ ಅದನ್ನು ಹೊರಗೇ ನಿಲ್ಲಿಸುವ ಪದ್ಧತಿ ಹೋಗಿಲ್ಲ.

ಹಾಗಂತ ಉತ್ಸವಗಳು ಬೇಡ ಅನ್ನುವವನು ನಾನಲ್ಲ. ಚನ್ನರಾಯಪಟ್ಟಣದಲ್ಲಿ ಸಂತೆ ಮೈದಾನ, ಶಾಲೆಯ ಜಗುಲಿ, ಹೋಟ್ಲು, ಕೇರಿಯ ಅಂಬೇಡ್ಕರ್ ಭವನ ಎಲ್ಲ ಕಡೆ ಒಂದೇ ದಿನ ಸಂಗೀತ ಆಗಲಿ. ಮೂರು ಷರತ್ತು. ಕೇಳುವವರಿಗೆ ಉಚಿತವಾದದ್ದು ನುಡಿಸುವವರಿಗೆ ಬಿಟ್ಟಿಯಾಗಬಾರದು. ಗಾಯಕರಿಗೂ ತಮಟೆಯವರಿಗೂ ಒಂದೇ ಸಂಭಾವನೆ, ಅದೂ ಕೈಯಲ್ಲಿ, ಅದೇ ದಿನ. ತಮಟೆಗೆ ಸ್ವಾಗತದ ಕೆಲಸ ಬೇಡ, ಅದಕ್ಕೇ ಒಂದು ಗಂಟೆಯ ಕಛೇರಿ ಬೇಕು. ಮೂರನೆಯದು, ಕೇರಿಯವರನ್ನು ಊರಿಗೆ ಕರೆಯುವ ದೊಡ್ಡಸ್ತಿಕೆ ಸಾಕು. ಊರು ಕೇರಿಗೆ ಬಂದು ಚಾಪೆ ಮೇಲೆ ಕೂತು, ಕೊಟ್ಟ ನೀರು ಕುಡಿದು ಕೇಳಲಿ.

ಮೊದಲ ಎರಡು ಷರತ್ತಿಗೆ ಸಮಿತಿಗಳು ಒಪ್ಪಬಹುದು, ದುಡ್ಡಿನ ಪ್ರಶ್ನೆ ತಾನೆ. ಮೂರನೆಯದು ಬಂದಾಗ ಎಷ್ಟು ಜನ ಚಾಪೆ ಮೇಲೆ ಕೂರುತ್ತಾರೆ, ಎಷ್ಟು ಲೋಟ ನೀರು ಹಾಗೇ ಉಳಿಯುತ್ತದೆ, ಎಣಿಸೋಣ. ಆ ಎಣಿಕೆ ನಮ್ಮ ವಿಮರ್ಶೆಯ ಮೊದಲ ಪುಟವಾಗಲಿ.