ನೀನು ಯಾರ ಪೈಕಿ, ರೇ?

‘ಲ್ಯೂಕ್ ಹಂಗೆಲ್ಲ ಮಾಡೋನೇ ಅಲ್ಲ ಗುರು!’

ಸ್ಟಾರ್ ವಾರ್ಸ್ ನೋಡುವ ಯಾರನ್ನೇ ಕೇಳಿ, 2017ರ ಡಿಸೆಂಬರ್‌ನಿಂದ ಈಚೆಗೆ ಈ ಮಾತನ್ನು ಒಮ್ಮೆಯಾದರೂ ಹೇಳಿರ್ತಾರೆ, ಇಲ್ಲಾ ಇನ್ನೊಬ್ಬರ ಬಾಯಲ್ಲಿ ಕೇಳಿರ್ತಾರೆ. ಶ್ರೀಗಂಧದ ಕಾವಲ್‌ನ ನಮ್ಮ ಬಾಡಿಗೆ ಮನೆಯಲ್ಲಂತೂ ಶನಿವಾರ ರಾತ್ರಿಯ ಚಿತ್ರಾನ್ನದ ಜೊತೆ ಇದೂ ಇದ್ದೇ ಇರುತ್ತೆ. ಇರೋದು ನಾಲ್ಕು ಜನ, ನಾಲ್ವರೂ ಕೋಡ್ ಬರೆದು ಹೊಟ್ಟೆ ಹೊರೆಯೋರು, ಅಭಿಪ್ರಾಯ ಮಾತ್ರ ನಾಲ್ಕು. ಒಬ್ಬನಿಗೆ ‘ದಿ ಲಾಸ್ಟ್ ಜೇಡೈ’ ಇಡೀ ಸರಣಿಯಲ್ಲೇ ಒಳ್ಳೆಯ ಸಿನಿಮಾ. ಇನ್ನೊಬ್ಬ ಅದರ ಹೆಸರೆತ್ತಿದರೆ ತಟ್ಟೆ ಬಿಟ್ಟು ಏಳ್ತಾನೆ. ಮೂರನೆಯವನು 1983ಕ್ಕೇ ಕಥೆ ಮುಗೀತು ಅನ್ನೋನು. ನಾಲ್ಕನೆಯವನು ನಾನು. ನನ್ನ ವಾದ ಇಷ್ಟೇ: ಲ್ಯೂಕ್ ಹೆಸರಲ್ಲಿ ಇಷ್ಟು ವರ್ಷ ಎಬ್ಬಿಸಿದ ಗಲಾಟೆಯಲ್ಲಿ ಅಭಿಮಾನಿಗಳು ನಿಜವಾಗಿ ಕಳಕೊಂಡಿದ್ದು ರೇ ಅನ್ನೋ ಹುಡುಗಿಯನ್ನು. ಜಗಳ ಆಗಬೇಕಿದ್ದದ್ದು ಅವಳ ಪರವಾಗಿ.

ಮೊದಲು ಲ್ಯೂಕ್ ಕೇಸ್ ಮುಗಿಸೋಣ. ಆರೋಪ ನಿಮಗೆ ಗೊತ್ತೇ ಇದೆ. ಡಾರ್ತ್ ವೇಡರ್‌ನಂಥ ಕ್ರೂರಿಯೊಳಗೂ ಒಳ್ಳೆಯತನ ಉಳಿದಿದೆ ಅಂತ ಹಟ ಹಿಡಿದು ಅಪ್ಪನನ್ನು ವಾಪಸ್ ತಂದವನು ಲ್ಯೂಕ್. ಅಂಥವನು ನಿದ್ದೆಯಲ್ಲಿದ್ದ ತಂಗಿ ಮಗ ಬೆನ್‌ನ ಮೇಲೆ ಕತ್ತಿ ಎತ್ತುತ್ತಾನಾ? ಆ ಪಾತ್ರ ಮಾಡಿದ ಮಾರ್ಕ್ ಹ್ಯಾಮಿಲ್ ಅವರೇ ನಿರ್ದೇಶಕ ರಯಾನ್ ಜಾನ್ಸನ್ ಅವರ ಕಲ್ಪನೆಗೆ ತಮ್ಮ ಒಪ್ಪಿಗೆ ಇರಲಿಲ್ಲ ಅಂತ ಬಹಿರಂಗವಾಗಿ ಹೇಳಿದ್ದಾರೆ. ಅಂದಮೇಲೆ ನಮ್ಮದೇನು ವಾದ?

ಆದರೆ 1983ರ ‘ರಿಟರ್ನ್ ಆಫ್ ದಿ ಜೇಡೈ’ ಕ್ಲೈಮ್ಯಾಕ್ಸ್ ಇನ್ನೊಮ್ಮೆ ಹಾಕಿ ನೋಡಿ. ವೇಡರ್ ತಂಗಿಯ ಸುದ್ದಿ ಎತ್ತಿದ ಕೂಡಲೇ ಲ್ಯೂಕ್ ಕೆರಳಿ, ಮೈಮೇಲೆ ಬಂದವನ ಹಾಗೆ ಹೊಡೆದು ಹೊಡೆದು ಅಪ್ಪನ ಕೈ ಕತ್ತರಿಸಿ ಹಾಕ್ತಾನೆ. ಆಮೇಲೆ ತನ್ನ ಯಂತ್ರದ ಕೈಯನ್ನು ತಾನೇ ನೋಡಿಕೊಂಡು, ಬೆಚ್ಚಿ, ಕತ್ತಿ ಎಸೀತಾನೆ. ಪ್ರೀತಿಸುವವರಿಗೆ ಕೇಡಾಗುತ್ತೆ ಅನ್ನೋ ಭಯ ಬಂದ ಕ್ಷಣ ಕೈ ಆಯುಧಕ್ಕೆ ಹೋಗೋದು, ಮರುಕ್ಷಣ ನಾಚಿಕೆಯಾಗೋದು. ಲ್ಯೂಕ್ ಅಂದ್ರೆ ಇದೇ. 2017ರಲ್ಲಿ ಆಗೋದೂ ಇಷ್ಟೇ, ಅದೇ ಭಯ, ಅದೇ ನಾಚಿಕೆ. ಈ ಸಲ ಅವನು ಹೊಡೆಯೋದೂ ಇಲ್ಲ. ಆದರೆ ನಾಚಿಕೆ ಆಗುವಷ್ಟರಲ್ಲಿ ಹುಡುಗ ಕಣ್ಣು ಬಿಟ್ಟಿರ್ತಾನೆ. ಆ ರಾತ್ರಿಯನ್ನು ಸಿನಿಮಾ ಮೂರು ಸಲ ಹೇಳುತ್ತೆ: ಲ್ಯೂಕ್ ಅರ್ಧ ಮುಚ್ಚಿಟ್ಟು ಹೇಳಿದ್ದು, ಬೆನ್ ಕಂಡಂತೆ ಹೇಳಿದ್ದು, ಕೊನೆಗೆ ಲ್ಯೂಕ್ ಪೂರ್ತಿ ಬಾಯಿಬಿಟ್ಟಿದ್ದು. ಬರೆದವರಿಗೆ ಪಾತ್ರ ಗೊತ್ತಿಲ್ಲದಿದ್ದರೆ ಇಷ್ಟು ಜಾಗ್ರತೆ ಬರೋದಿಲ್ಲ.

ಹಾಗಂತ ಪಾತ್ರವನ್ನು ಹೇಗೆ ಬೇಕಾದರೂ ತಿರುಚಬಹುದು ಅಂತಲ್ಲ. 1977ರ ಮೊದಲ ಸಿನಿಮಾದಲ್ಲಿ ಹಾನ್ ಸೋಲೋ ಬಾರಿನ ಮೇಜಿನ ಕೆಳಗಿಂದಲೇ ಗ್ರೀಡೋಗೆ ಗುಂಡು ಹಾರಿಸ್ತಾನೆ. ಆಗ ಅವನು ತನ್ನ ಚರ್ಮ ಉಳಿದರೆ ಸಾಕು ಅನ್ನೋ ಆಸಾಮಿ. ಇಪ್ಪತ್ತು ವರ್ಷ ಬಿಟ್ಟು, 1997ರಲ್ಲಿ, ಜಾರ್ಜ್ ಲೂಕಾಸ್ ಆ ದೃಶ್ಯ ತಿದ್ದಿ ಗ್ರೀಡೋನೇ ಮೊದಲು ಹಾರಿಸುವಂತೆ ಮಾಡಿದರು. ಅಭಿಮಾನಿಗಳು ಇವತ್ತಿಗೂ ಕುದೀತಾರೆ, ಮತ್ತು ಅದು ಸರಿಯೇ. ಸ್ವಾರ್ಥಿಯಾಗಿ ಹೊರಟವನು ಕೊನೆಗೆ ಗೆಳೆಯನಿಗೋಸ್ಕರ ವಾಪಸ್ ಬರೋದೇ ಆ ಸಿನಿಮಾದಲ್ಲಿ ಹಾನ್‌ನ ಕಥೆ. ಹೊರಟ ಜಾಗವನ್ನೇ ಒರೆಸಿಬಿಟ್ಟರೆ ಅವನು ಅಷ್ಟು ದೂರ ನಡೆದು ಬಂದಿದ್ದು ಹೇಗೆ ಗೊತ್ತಾಗಬೇಕು?

ಸಾಗರದ ಕಡೆ ಹಳ್ಳಿಯಲ್ಲಿ ಬೆಳೆದ ನನಗೆ ಇಂಥ ವಾದಗಳ ಕಾನೂನು ಕಲಿಸಿದ್ದು ತಾಳಮದ್ದಳೆ. ನೋಡದವರಿಗೆ ಒಂದು ಮಾತು: ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳ್ತಾರೆ, ಅರ್ಥಧಾರಿಗಳು ಕೂತಲ್ಲೇ ರಾಮನಾಗಿ, ವಾಲಿಯಾಗಿ ಮಾತಾಡ್ತಾರೆ. ಪದ್ಯ ಮೊದಲೇ ಬರೆದದ್ದು. ವಾಲಿ ಸಾಯ್ತಾನೆ ಅಂತ ಎಲ್ಲರಿಗೂ ಗೊತ್ತು. ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟವನನ್ನು ವಾಲಿ ಏನೇನು ಕೇಳ್ತಾನೆ, ರಾಮ ಏನು ಸಮಜಾಯಿಷಿ ಕೊಡ್ತಾನೆ, ಅದೆಲ್ಲ ಆ ರಾತ್ರಿ ಅಲ್ಲೇ ಹುಟ್ಟಬೇಕು. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಜನ ಇವತ್ತಿಗೂ ನೆನೆಸೋದು ಅದಕ್ಕೇ. ಅಲ್ಲಿ ಕೇಳುಗರು ‘ನಮ್ಮ ವಾಲಿ ಹೀಗಲ್ಲ’ ಅಂತ ಎದ್ದು ಹೋಗೋದಿಲ್ಲ. ಹೇಳಿದ ಅರ್ಥ ಪದ್ಯದ ಮೇಲೆ ಕೂತಿತೋ ಇಲ್ಲವೋ ಅಂತ ತೂಗ್ತಾರೆ. ಕೂತರೆ ಅದು ಎಷ್ಟೇ ಹೊಸದಾಗಿರಲಿ, ಒಪ್ಪಿಗೆ.

ದೊಡ್ಡವರು ಸಣ್ಣತನ ತೋರಿಸೋದು ನಮಗೆ ಹೊಸದೂ ಅಲ್ಲ. ಸ್ಟಾರ್ ವಾರ್ಸ್ ಬಂದ ಅದೇ 1977ರಲ್ಲಿ ನಮ್ಮಲ್ಲಿ ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’ ಬಂತು. ಅಪ್ಪ ಅರ್ಜುನನೂ ರಾಜ್‌ಕುಮಾರ್, ಮಗ ಬಭ್ರುವಾಹನನೂ ರಾಜ್‌ಕುಮಾರ್. ಕಾಣಿಕೆ ಹಿಡಿದು ಬಂದ ಮಗನನ್ನು ಅರ್ಜುನ ಒಪ್ಪೋದಿಲ್ಲ, ಅವನ ತಾಯಿಯನ್ನೇ ಹೀನಾಯವಾಗಿ ಆಡ್ತಾನೆ. ಅಣ್ಣಾವ್ರ ಬಾಯಲ್ಲಿ ಆ ಮಾತು! ಆದರೂ ‘ನಮ್ಮ ಅರ್ಜುನ ಹಂಗಲ್ಲ’ ಅಂತ ಯಾರೂ ಚಿತ್ರಮಂದಿರ ಬಿಟ್ಟು ಏಳೋದಿಲ್ಲ. ಕುರುಕ್ಷೇತ್ರ ಗೆದ್ದ ಅಹಂಕಾರ ಮನುಷ್ಯನನ್ನು ಎಲ್ಲಿಗೆ ಇಳಿಸುತ್ತೆ ಅಂತ ಸಿನಿಮಾ ತೋರಿಸಿದೆ, ಜನ ನಂಬಿದ್ದಾರೆ. ಎಲ್ಲರೂ ಹೊಗಳೋ ದಂತಕಥೆಯಾಗಿ ತಾನೇ ಅದನ್ನು ನಂಬಿದ ಲ್ಯೂಕ್ ಎಡವಿದ್ದೂ ಅದೇ ಜಾತಿಯ ಎಡವು. ಲ್ಯೂಕ್ ಕೇಸ್ ಖುಲಾಸೆ.

ಈಗ ರೇ.

2015ರ ‘ದಿ ಫೋರ್ಸ್ ಅವೇಕನ್ಸ್’ನಲ್ಲಿ ಅವಳು ಜಾಕೂ ಅನ್ನೋ ಮರಳುಗಾಡಿನ ಗ್ರಹದಲ್ಲಿ ಗುಜರಿ ಆಯುವವಳು. ಬಿದ್ದ ಹಡಗುಗಳ ಬಿಡಿಭಾಗ ಬಿಚ್ಚಿ, ಉಜ್ಜಿ ತೊಳೆದು ಮಾರಿದರೆ ಆ ಹೊತ್ತಿನ ಊಟ. ಅಂಥವಳಿಗೆ ಫೋರ್ಸ್ ಒಲಿದಿದ್ದೇ ತಡ, ಅಭಿಮಾನಿಗಳು ವಂಶವೃಕ್ಷ ಹುಡುಕೋಕೆ ಹೊರಟರು. ಲ್ಯೂಕ್ ಮಗಳಾ? ಓಬಿ-ವಾನ್ ಮೊಮ್ಮಗಳಾ? ಎರಡು ವರ್ಷ ಇದೇ ಲೆಕ್ಕಾಚಾರ. ‘ದಿ ಲಾಸ್ಟ್ ಜೇಡೈ’ ಕೊಟ್ಟ ಉತ್ತರಕ್ಕೆ ಎಲ್ಲ ಲೆಕ್ಕವೂ ತಲೆಕೆಳಗಾಯ್ತು. ಅವಳ ಅಪ್ಪ ಅಮ್ಮ ಯಾರೂ ಅಲ್ಲ, ಕುಡಿಯೋ ಕಾಸಿಗೆ ಮಗಳನ್ನು ಮಾರಿದ ಗುಜರಿಯವರು.

ಇದು ನನಗೆ ಯಾಕೆ ಅಷ್ಟು ತಾಗಿತು ಅಂತ ಹೇಳ್ತೀನಿ. ಊರಲ್ಲಿ ಹೊಸಬರು ಸಿಕ್ಕರೆ ಮೊದಲ ಪ್ರಶ್ನೆ ‘ನೀನು ಯಾರ ಪೈಕಿ?’ ಬೆಂಗಳೂರಿಗೆ ಬಂದರೆ ಆ ಪ್ರಶ್ನೆ ತಪ್ಪುತ್ತೆ ಅಂದ್ಕೊಳ್ತೀವಿ, ತಪ್ಪೋದಿಲ್ಲ. ಅಂಗಿ ಬದಲಾಯಿಸಿ ಬರುತ್ತೆ ಅಷ್ಟೇ. ಮನೆ ನೋಡೋಕೆ ಹೋದರೆ ಅಡ್ವಾನ್ಸ್ ಮಾತಿಗಿಂತ ಮೊದಲೇ ‘ನೀವು ಯಾವ ಜನ?’ ಇಂಟರ್‌ವ್ಯೂನಲ್ಲಿ ಕೋಡ್ ನೋಡೋ ಮುಂಚೆ ‘ಯಾವ ಕಾಲೇಜು?’ ನಮ್ಮ ಮನೆಯಲ್ಲಿ ಬಿಇ ಮಾಡಿದ ಮೊದಲನೆಯವನು ನಾನು, ಕೊಡೋಕೆ ದೊಡ್ಡ ಹೆಸರು ಯಾವುದೂ ಇರಲಿಲ್ಲ. ಹೀಗಿರುವಾಗ ಜಗತ್ತಿನ ಅಷ್ಟು ದೊಡ್ಡ ಸಿನಿಮಾ ಸರಣಿಯೊಂದು ಎದೆಯುಬ್ಬಿಸಿ ‘ಇವಳು ಯಾರ ಪೈಕಿಯೂ ಅಲ್ಲ, ಆದರೂ ಕಥೆ ಇವಳದ್ದೇ’ ಅಂದಿದ್ದು ಸಣ್ಣ ಮಾತಲ್ಲ.

2019ರಲ್ಲಿ ‘ದಿ ರೈಸ್ ಆಫ್ ಸ್ಕೈವಾಕರ್’ ಬಂದು ಆ ಮಾತನ್ನು ವಾಪಸ್ ತಗೊಂಡಿತು. ಸತ್ತುಹೋಗಿದ್ದ ಪಾಲ್ಪಟೀನ್ ಚಕ್ರವರ್ತಿಯನ್ನು ಎಬ್ಬಿಸಿ ತಂದು, ರೇ ಅವನ ಮೊಮ್ಮಗಳು ಅಂದರು. ಅವಳ ಶಕ್ತಿ ಎಲ್ಲಿಂದ ಬಂತು ಅಂದ್ರೆ ರಕ್ತದಿಂದ ಬಂತು! ಪ್ರೊಡಕ್ಷನ್‌ಗೆ ಹೋಗಿ ಚೆನ್ನಾಗಿ ಓಡ್ತಿದ್ದ ಫೀಚರ್ ಒಂದನ್ನು ಬೈಗಳಿಗೆ ಹೆದರಿ ರೋಲ್‌ಬ್ಯಾಕ್ ಮಾಡಿದ ಹಾಗಿತ್ತು.

ನಮ್ಮ ಮನೆಯ ಎರಡನೆಯವನದು ಇಲ್ಲಿ ಗಟ್ಟಿ ವಾದ. ‘ಲೋ, ಪುರಾಣ ಅಂದ್ರೇನೇ ವಂಶದ ಕಥೆ. ಮಹಾಭಾರತ ಒಂದು ಮನೆಯ ಜಗಳ ತಾನೇ? ಸೂತಪುತ್ರ ಅನ್ನಿಸಿಕೊಂಡ ಕರ್ಣನೂ ಕೊನೆಗೆ ಕುಂತಿಯ ಮಗನೇ ಆಗಲಿಲ್ವಾ? ಅಲ್ಲದೆ ರೇ ಅಜ್ಜನ ದಾರಿ ಹಿಡಿಯೋದಿಲ್ಲ, ಹುಟ್ಟನ್ನು ಮೀರಿ ಒಳ್ಳೆಯವಳಾಗ್ತಾಳೆ. ಅದೂ ನಿನ್ನ ಮಾತೇ ಅಲ್ವಾ?’

ಕರ್ಣನಿಂದಲೇ ಉತ್ತರ ಶುರು ಮಾಡ್ತೀನಿ. ಹಸ್ತಿನಾವತಿಯ ರಂಗದಲ್ಲಿ ಕೃಪ ಅವನನ್ನು ಕೇಳಿದ್ದು ಕುಲವನ್ನೇ. ಸಾವಿರ ವರ್ಷದ ಹಿಂದೆ ಪಂಪ ತನ್ನ ದೊರೆಯನ್ನೇ ಅರ್ಜುನನ ಜಾಗದಲ್ಲಿ ಕೂರಿಸಿ ‘ವಿಕ್ರಮಾರ್ಜುನ ವಿಜಯ’ ಬರೆದ. ಆದರೂ ಓದಿದವರ ಮನಸ್ಸಲ್ಲಿ ನಿಲ್ಲೋದು ಕರ್ಣ. ಯಾಕೆ? ಹುಟ್ಟಿನ ಗುಟ್ಟು ತಿಳಿದಿದ್ದರಿಂದ ಅವನಿಗೆ ಒಂದು ಹನಿ ಬಲವೂ ಹೆಚ್ಚಲಿಲ್ಲ. ಅವನು ಬಿಲ್ಲು ಕಲಿತಿದ್ದು, ದಾನ ಕೊಟ್ಟಿದ್ದು, ಸ್ನೇಹ ಉಳಿಸಿಕೊಂಡಿದ್ದು ಎಲ್ಲ ಸೂತನ ಮನೆಯ ಹುಡುಗನಾಗಿಯೇ. ಯುದ್ಧದ ಹೊಸ್ತಿಲಲ್ಲಿ ತಾಯಿ ಯಾರು ಅಂತ ಗೊತ್ತಾದಾಗ ಅದು ಹೊರಲಾರದ ಭಾರವಾಯ್ತು, ಮತ್ತು ಅದಕ್ಕೋಸ್ಕರ ಅವನು ಪಕ್ಷ ಬದಲಿಸಲಿಲ್ಲ. 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ನಲ್ಲಿ ವೇಡರೇ ಅಪ್ಪ ಅಂತ ಲ್ಯೂಕ್‌ಗೆ ಗೊತ್ತಾಗೋದೂ ಹೀಗೇ. ಕೈ ಕಳಕೊಂಡು ನೇತಾಡ್ತಿರೋವಾಗ ಇನ್ನೊಂದು ಪೆಟ್ಟು. ವಂಶದ ಗುಟ್ಟು ಭಾರವಾಗಿ ಬಂದರೆ ಕಥೆ ಬೆಳೆಯುತ್ತೆ. ‘ಓ, ಅದಕ್ಕೇ ಇವಳು ಇಷ್ಟು ಶಕ್ತಿವಂತೆ’ ಅನ್ನೋ ಸರ್ಟಿಫಿಕೇಟ್ ಆಗಿ ಬಂದರೆ ಅಲ್ಲಿವರೆಗೆ ಅವಳು ಪಟ್ಟ ಪಾಡೆಲ್ಲ ವ್ಯರ್ಥ.

ರೇಗೂ ಅದು ಭಾರವೇ, ಅವಳೂ ಹೆದರ್ತಾಳೆ ಅನ್ನೋದನ್ನು ಒಪ್ತೀನಿ. ಆದರೆ ಕೆಟ್ಟ ಮನೆತನದಲ್ಲಿ ಹುಟ್ಟಿ ಒಳ್ಳೆಯವರಾಗೋ ಪಾಠವನ್ನು ಲ್ಯೂಕ್ ಆಗಲೇ ಮಾಡಿ ಮುಗಿಸಿದ್ದ. ಅದು ದೊಡ್ಡ ಮನೆಯವರ ಸಂಕಟ. ಮನೆಯೇ ಇಲ್ಲದವರಿಗೆ ಇಡೀ ಸರಣಿಯಲ್ಲಿ ಹೀಗೆ ನಡುಮಧ್ಯ ನಿಂತ ನಾಯಕಿ ಒಬ್ಬಳಿದ್ದಳು, ಅವಳನ್ನೂ ಅರಮನೆಗೆ ಸೇರಿಸಿಬಿಟ್ಟರು. ಕೊನೆಯ ದೃಶ್ಯದಲ್ಲಿ ಟ್ಯಾಟೂಯಿನ್‌ನ ಮುದುಕಿ ಹೆಸರು ಕೇಳ್ತಾಳೆ. ರೇ ಅಂತಾಳೆ. ಬರೀ ರೇನಾ, ಮುಂದೆ ಏನು ಅಂತ ಮುದುಕಿಯ ಪ್ರಶ್ನೆ. ನಮ್ಮೂರಿನ ಪ್ರಶ್ನೆಯೇ! ಅವಳು ಸ್ಕೈವಾಕರ್ ಅಂತಾಳೆ. ಸಾಕಿದ ಪ್ರೀತಿಗೆ ಕೃತಜ್ಞತೆ ಅಂತ ಕೆಲವರು ಕಣ್ಣೀರು ಹಾಕಿದರು. ನನಗೆ ಮಾತ್ರ, ಬರೀ ‘ರೇ’ ಅಂದು ಸುಮ್ಮನಾಗಿದ್ದರೆ ಒಂಬತ್ತು ಸಿನಿಮಾಗಳ ಪಯಣ ಸಾರ್ಥಕ ಅನ್ನಿಸ್ತಿತ್ತು.

ಇದು ಅವಳೊಬ್ಬಳ ಕಥೆಯಲ್ಲ. ಫಿನ್ ನೆನಪಿದೆಯಾ? ಎಳವೆಯಲ್ಲೇ ಮನೆಯವರಿಂದ ಕಿತ್ತು ತಂದು ಸೈನಿಕನನ್ನಾಗಿ ಮಾಡಿದ, ಹೆಸರೇ ಇಲ್ಲದೆ ಎಫ್‌ಎನ್-2187 ಅನ್ನೋ ನಂಬರ್ ಅಂಟಿಸಿಕೊಂಡ ಹುಡುಗ. ಮೊದಲ ಕಾಳಗದಲ್ಲೇ ಹಳ್ಳಿಯವರ ಮೇಲೆ ಗುಂಡು ಹಾರಿಸೋಕೆ ಕೈ ಬಾರದೆ ಓಡಿಬಂದವನು. ಮೂರನೇ ಸಿನಿಮಾ ಹೊತ್ತಿಗೆ ಅವನ ಪಾಲಿಗೆ ‘ರೇ, ರೇ’ ಅಂತ ಕೂಗೋದೇ ಹೆಚ್ಚಾಯ್ತು. ಪಾತ್ರ ಮಾಡಿದ ಜಾನ್ ಬೊಯೆಗಾ 2020ರಲ್ಲಿ ಈ ಬಗ್ಗೆ ನೇರವಾಗಿಯೇ ಅಸಮಾಧಾನ ಹೇಳಿಕೊಂಡರು. ಮೆಕ್ಯಾನಿಕ್ ರೋಸ್ ಟಿಕೋಗೆ ಕೊನೆಯ ಸಿನಿಮಾದಲ್ಲಿ ಸಿಕ್ಕಿದ್ದು ಬೆರಳೆಣಿಕೆಯ ನಿಮಿಷ. ಆ ಪಾತ್ರ ಮಾಡಿದ ಕೆಲ್ಲಿ ಮರೀ ಟ್ರಾನ್ ಅವರು ಬೈಗಳ ಸುರಿಮಳೆ ತಾಳದೆ 2018ರಲ್ಲಿ ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನೆಲ್ಲ ಅಳಿಸಿದರು. ತಾಳಮದ್ದಳೆಯಲ್ಲಿ ರಾತ್ರಿಯಿಡೀ ರಾಮನನ್ನು ಜಾಲಾಡಿದ ವಾಲಿ, ಮಂಗಳ ಆದಮೇಲೆ ಅದೇ ರಾಮನ ಪಕ್ಕ ಕೂತು ಕಾಫಿ ಕುಡೀತಾನೆ. ಪಾತ್ರದ ಮೇಲಿನ ಸಿಟ್ಟನ್ನು ಮನುಷ್ಯರ ಮೇಲೆ ತೀರಿಸಿಕೊಳ್ಳೋರಿಗೆ ವಾದ ಮಾಡೋಕೇ ಬರೋದಿಲ್ಲ.

ವಾದ ಆಗಲಿ, ಜೋರಾಗೇ ಆಗಲಿ. ಆದರೆ ಯಾವುದಕ್ಕೆ ಜೋರು ಮಾಡಬೇಕು ಅನ್ನೋದು ಮುಖ್ಯ. ‘ದಿ ಲಾಸ್ಟ್ ಜೇಡೈ’ ಮುಗಿಯೋದು ಲಾಯದ ಕಸ ಗುಡಿಸೋ ಒಬ್ಬ ಆಳು ಹುಡುಗನ ಮೇಲೆ. ಅವನು ಕೈ ಚಾಚ್ತಾನೆ, ಪೊರಕೆ ತಾನಾಗಿ ಕೈಗೆ ಬರುತ್ತೆ. ಯಾರ ಮಗ ಅಂತ ಸಿನಿಮಾ ಹೇಳೋದಿಲ್ಲ, ಹೇಳಬೇಕಾಗೂ ಇಲ್ಲ. ಮುಂದಿನ ಸಿನಿಮಾ ಅವನ ಕಡೆ ತಿರುಗಿಯೂ ನೋಡಲಿಲ್ಲ. ಲ್ಯೂಕ್ ಕತ್ತಿ ಎತ್ತಿದ್ದಕ್ಕೆ ಮಾಡಿದ ಗದ್ದಲದಲ್ಲಿ ಕಾಲು ಭಾಗವನ್ನಾದರೂ ಆ ಹುಡುಗನಿಗೋಸ್ಕರ ಮಾಡಬಹುದಿತ್ತು.