ಪ್ರೇಯೋರಸವೂ ಶಾಲೆಯ ಚಿತ್ರಕಥೆಗಳೂ

ನಾಟ್ಯದಲ್ಲಿ ರಸಗಳು ಎಂಟೆಂದು ಭರತಮುನಿಯ ಮತ. ಶಾಂತವನ್ನು ಕೂಡಿಸಿಕೊಂಡು ಒಂಬತ್ತೆಂಬುದು ಅನಂತರದವರಲ್ಲಿ ರೂಢವಾದ ಎಣಿಕೆ. ಇದಕ್ಕೆ ಹತ್ತನೆಯದೊಂದನ್ನು ಸೇರಿಸಿದವನು ಕ್ರಿ. ಶ. ಒಂಬತ್ತನೆಯ ಶತಮಾನದ ರುದ್ರಟ. ಅವನು ತನ್ನ ‘ಕಾವ್ಯಾಲಂಕಾರ’ದಲ್ಲಿ ಪ್ರೇಯಾನ್ ಎಂಬ ರಸವನ್ನು ಹೇಳಿ, ಅದಕ್ಕೆ ಸ್ನೇಹವೇ ಪ್ರಕೃತಿಯೆಂದೂ, ಆ ಸ್ನೇಹವು ಹುಟ್ಟುವುದಕ್ಕೆ ಸಾಹಚರ್ಯವು ಒಂದು ಕಾರಣವೆಂದೂ, ವ್ಯಾಜವಿಲ್ಲದ ಮನಸ್ಸು, ಪರಿಹಾಸದಿಂದ ಕೂಡಿದ ನೇರವಾದ ಮಾತು, ಆನಂದಬಾಷ್ಪ, ಅರಳಿದ ನೋಟ ಇವು ಅದರ ಲಕ್ಷಣಗಳೆಂದೂ ನಿರೂಪಿಸಿದ್ದಾನೆ. ಭೋಜರಾಜನಂಥ ಕೆಲವರನ್ನು ಬಿಟ್ಟರೆ ಇದನ್ನು ಕೈಹಿಡಿದ ಆಲಂಕಾರಿಕರು ವಿರಳ. ಅಭಿನವಗುಪ್ತಪಾದರಂತೂ ಸ್ನೇಹಕ್ಕೆ ಪ್ರತ್ಯೇಕವಾದ ರಸತ್ವವಿಲ್ಲವೆಂದು ಖಂಡಿತವಾಗಿ ಹೇಳಿದರು. ಬಾಲಕನು ತಂದೆತಾಯಿಗಳಲ್ಲಿಟ್ಟ ಸ್ನೇಹವು ಭಯದಲ್ಲಿ ವಿಶ್ರಮಿಸುತ್ತದೆ. ಲಕ್ಷ್ಮಣಾದಿಗಳು ಅಣ್ಣನಲ್ಲಿಟ್ಟದ್ದು ಧರ್ಮವೀರವೇ ಆಗುತ್ತದೆ. ತರುಣರು ಮಿತ್ರಜನರಲ್ಲಿಟ್ಟದ್ದು ರತಿಯಲ್ಲಿ ಮುಗಿಯುತ್ತದೆ. ಅವರ ತೀರ್ಪಿನ ಸಾರಾಂಶವು ಇದು. ಮೊದಲಿನ ಎರಡು ಮಾತುಗಳು ಹೇಗಾದರೂ ಇರಲಿ, ಮೂರನೆಯದು ಸೂಕ್ಷ್ಮವಾಗಿ ಪರಿಶೀಲಿಸತಕ್ಕದ್ದು.

ಈ ಪರಿಶೀಲನೆಗೆ ಅನಿರೀಕ್ಷಿತವಾದ ಕಡೆಯಿಂದ ಸಾಮಗ್ರಿಯು ದೊರೆತಿದೆ. ಶಾಲೆಯ ಗೆಳೆತನವನ್ನೂ ಎಳೆಯ ವಯಸ್ಸಿನ ಅನುರಾಗವನ್ನೂ ವಸ್ತುವಾಗಿ ಉಳ್ಳ ಚಿತ್ರಕಥೆಗಳು ಜಪಾನು ದೇಶದಲ್ಲಿ ವಿಪುಲವಾಗಿ ಬೆಳೆದಿವೆ. ಅವನ್ನು ಅಲ್ಲಿ ಮಂಗಾ ಎನ್ನುತ್ತಾರೆ. (ಈ ಶಬ್ದಕ್ಕೂ ಕನ್ನಡದ ಮಂಗನಿಗೂ ಯಾವ ಸಂಬಂಧವೂ ಇಲ್ಲ, ಸ್ವಚ್ಛಂದವಾಗಿ ಬರೆದ ಚಿತ್ರವೆಂದು ಅದರ ಅರ್ಥ. ಆದರೂ ತರಗತಿಯಲ್ಲಿ ಈ ಹೆಸರನ್ನು ಎತ್ತುವ ಉಪಾಧ್ಯಾಯರು ಮೊದಲೊಂದು ನಗುವಿಗೆ ಸಿದ್ಧರಾಗಿರಬೇಕು.) ಚಿತ್ರಕ್ಕೆ ರಸಮೀಮಾಂಸೆಯ ಅಳತೆಗೋಲು ಸಲ್ಲುವುದೇ ಎಂಬ ಆಕ್ಷೇಪಕ್ಕೆ ಭವಭೂತಿಯೇ ಸಮಾಧಾನವನ್ನು ಹೇಳಿದ್ದಾನೆ: ‘ಉತ್ತರರಾಮಚರಿತ’ದ ಮೊದಲನೆಯ ಅಂಕದಲ್ಲಿ ಸೀತಾರಾಮರು ಚಿತ್ರಗಳ ಸಾಲನ್ನು ನೋಡುತ್ತ ನೋಡುತ್ತ ಕಳೆದ ದುಃಖವನ್ನು ಮತ್ತೆ ಅನುಭವಿಸುತ್ತಾರೆ.

ಕರುಹೊ ಶೀನಾ ಎಂಬ ಲೇಖಕಿಯ ‘ಕಿಮಿ ನಿ ತೊದೊಕೆ’ ೨೦೧೭ರಲ್ಲಿ ಮುಗಿದು, ೩೦ ಸಂಪುಟಗಳಷ್ಟು ಬೆಳೆದ ಕೃತಿ. ನಿನ್ನನ್ನು ಮುಟ್ಟಲಿ ಎಂದು ಆ ಹೆಸರಿನ ಭಾವ. ನಾಯಿಕೆಯಾದ ಸವಾಕೊ ಎಂಬ ಹುಡುಗಿ ಮಾತು ಕಡಮೆಯವಳು, ಉದ್ದಗೂದಲಿನವಳು. ಸಹಪಾಠಿಗಳು ಅವಳ ಹೆಸರಿನ ಒಂದಕ್ಷರವನ್ನು ತಿರುಗಿಸಿ ಸದಾಕೊ ಎಂದು ಕರೆಯುತ್ತಾರೆ. ಅದು ಭಯಾನಕವಾದ ಒಂದು ಚಲಚ್ಚಿತ್ರದ ಪ್ರೇತದ ಹೆಸರು. ಕಜೆಹಾಯಾ ಎಂಬ ಹುಡುಗನು ಅವಳನ್ನು ಮನುಷ್ಯಳಂತೆ ಕಂಡು ಮಾತನಾಡಿಸುವುದರಿಂದ ಕಥೆ ಹೊರಡುತ್ತದೆ. ಶೃಂಗಾರದ ಕಥೆಯೆಂದು ಓದಲು ಕುಳಿತವನಿಗೆ ಇಲ್ಲಿ ಒಂದು ಆಶ್ಚರ್ಯ ಕಾದಿರುತ್ತದೆ. ಮೊದಲ ಭಾಗದಲ್ಲಿ ಅವಳ ಹಂಬಲವೆಲ್ಲ ಇಬ್ಬರು ಹುಡುಗಿಯರ ಗೆಳೆತನಕ್ಕಾಗಿ. ಆ ಇಬ್ಬರ ಮೇಲೆ ಅಪವಾದ ಹಬ್ಬಿ, ಅದನ್ನು ಹಬ್ಬಿಸಿದವಳು ಸವಾಕೊ ಎಂದೂ ಮಾತಾಗುತ್ತದೆ. ಎದುರುತ್ತರವನ್ನೇ ಕೊಡದ ಈ ಹುಡುಗಿಯು ಗೆಳತಿಯರನ್ನು ಹಳಿದವರ ಮುಂದೆ ನಿಂತು, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿರೆಂದು ಪಟ್ಟುಹಿಡಿಯುತ್ತಾಳೆ. ಅನಂತರ ಮೂವರೂ ಅಳುತ್ತಾರೆ. ರುದ್ರಟನು ಎಣಿಸಿದ ಲಕ್ಷಣಗಳು, ಆ ಕಣ್ಣೀರು ಸಹ, ಇಲ್ಲಿ ಕ್ರಮವಾಗಿ ಬಂದಿವೆ. ಈ ಸ್ನೇಹವು ರತಿಯಲ್ಲಿ ವಿಶ್ರಮಿಸಿತೆಂದು ಯಾರೂ ಹೇಳಲಾರರು. ವಾಸ್ತವವಾಗಿ ನಡೆಯುವುದು ಅದಕ್ಕೆ ವಿಪರೀತ: ಗೆಳೆತನದಿಂದ ತನ್ನ ಬೆಲೆಯನ್ನು ತಾನು ಅರಿತುಕೊಂಡ ಮೇಲೆಯೇ ಕಜೆಹಾಯನನ್ನು ಪ್ರೀತಿಸುವ ಧೈರ್ಯ ಅವಳಿಗೆ ಬರುತ್ತದೆ. ಇಲ್ಲಿ ಸ್ನೇಹವೇ ಆಶ್ರಯ, ರತಿಯು ಆಶ್ರಿತ. ಇಬ್ಬರೂ ಮನಸ್ಸನ್ನು ಬಿಚ್ಚಿ ಹೇಳಿಕೊಂಡ ಮೇಲೆ ಕಥೆಯು ಬಹುದೂರ ಸಾಗುವುದು ಮಾತ್ರ ಬಿಗಿಯನ್ನು ಸಡಿಲಿಸಿದೆ. ಮಾಸಪತ್ರಿಕೆಗೆ ಬರೆದ ಬರಹಕ್ಕೆ ಈ ದೋಷ ಯಾವ ದೇಶದಲ್ಲಿಯೂ ತಪ್ಪಿದ್ದಲ್ಲ.

ಇದಕ್ಕಿಂತ ಗಂಭೀರವಾದುದು ಯೋಶಿತೋಕಿ ಓಇಮಾ ಅವರ ‘ಕೋಎ ನೊ ಕಟಾಚಿ’. ೨೦೧೩–೧೪ರಲ್ಲಿ ವಾರಪತ್ರಿಕೆಯೊಂದರಲ್ಲಿ ಪ್ರಕಟವಾಗಿ ೭ ಸಂಪುಟಗಳಲ್ಲಿ ಮುಗಿದ ಈ ಕಥೆಯ ಹೆಸರಿಗೆ ಧ್ವನಿಯ ಆಕೃತಿ ಎಂದರ್ಥ. ಆನಂದವರ್ಧನನ ವಂಶದವರಿಗೆ ಈ ಹೆಸರೊಂದೇ ಸಾಕು. ಶೋಕೊ ಎಂಬ ಕಿವಿ ಕೇಳದ ಹುಡುಗಿ ಪ್ರಾಥಮಿಕ ಶಾಲೆಗೆ ಹೊಸದಾಗಿ ಬರುತ್ತಾಳೆ. ಸಹಪಾಠಿಗಳೊಡನೆ ಮಾತಿಗೆ ಅವಳಿಗಿರುವುದು ಒಂದು ಬರೆಯುವ ಪುಸ್ತಕ. ಶೋಯಾ ಎಂಬ ಹುಡುಗನು ಅವಳನ್ನು ಬಹುವಾಗಿ ಪೀಡಿಸುತ್ತಾನೆ. ಅವಳ ಶ್ರವಣಯಂತ್ರಗಳನ್ನು ಕಿತ್ತು ಹಾಳುಮಾಡುತ್ತಾನೆ. ವಿಚಾರಣೆ ಬಂದಾಗ ಜೊತೆಗೂಡಿ ನಕ್ಕವರೆಲ್ಲರೂ, ಉಪಾಧ್ಯಾಯನು ಕೂಡ, ತಪ್ಪನ್ನು ಅವನೊಬ್ಬನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಅವನೂ ಒಂಟಿ. ವರ್ಷಗಳ ಮೇಲೆ ಅವನು ಕೈಸನ್ನೆಯ ಭಾಷೆಯನ್ನು ಕಲಿತು, ಆ ಹಳೆಯ ಪುಸ್ತಕವನ್ನು ಹಿಡಿದುಕೊಂಡು ಅವಳನ್ನು ಹುಡುಕಿಹೋಗಿ, ಸ್ನೇಹಿತರಾಗಬಹುದೇ ಎಂದು ಸನ್ನೆಯಿಂದಲೇ ಕೇಳುತ್ತಾನೆ. ಬಾಲ್ಯದಲ್ಲಿ ಅವಳು ತನಗೆ ಮಾಡಿದ, ಆಗ ಅರ್ಥವಾಗದೆ ಹೋದ ಸನ್ನೆಯೂ ಇದೇ ಎಂಬುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯುತ್ತದೆ. ಭರತನು ಹಸ್ತಾಭಿನಯವನ್ನು ವಿಸ್ತರಿಸಿ ಹೇಳಿದುದರ ಪ್ರಯೋಜನವು ಇಂಥ ಒಂದು ಚೌಕದಲ್ಲಿ ಪ್ರತ್ಯಕ್ಷವಾಗುತ್ತದೆ.

ಚಿತ್ರಕಾರ್ತಿಯ ಪ್ರತಿಭೆಗೆ ಇನ್ನೊಂದು ನಿದರ್ಶನ. ಶೋಯನು ಇತರರ ಮುಖವನ್ನು ನೋಡಲಾರದವನಾದ್ದರಿಂದ, ಅವನ ಕಣ್ಣಿಗೆ ಕಾಣುವ ಪ್ರತಿಯೊಂದು ಮುಖದ ಮೇಲೆಯೂ ಗುಣಾಕಾರದ ಗುರುತನ್ನು ಎಳೆದಿದೆ; ಯಾರೊಡನೆ ಸ್ನೇಹ ಬೆಳೆಯುವುದೋ ಅವರ ಮುಖದಿಂದ ಆ ಗುರುತು ಕಳಚಿ ಬೀಳುತ್ತದೆ. ಮಾತಿನಲ್ಲಿ ಹೇಳಿದ್ದರೆ ಇದು ಬರಿಯ ವಾಚ್ಯವಾಗುತ್ತಿತ್ತು. ಇನ್ನು ಕಥೆಯ ಹೃದಯಸ್ಥಾನ: ಶೋಕೊ ತನ್ನ ಅನುರಾಗವನ್ನು ಸನ್ನೆಯಿಂದ ತಿಳಿಸದೆ, ತಾನು ಕೇಳಲಾರದ ತನ್ನದೇ ಕಂಠದಿಂದ ಹೇಳುತ್ತಾಳೆ. ಅವಳು ಆಡಿದ ಮಾತು ‘ಸುಕಿ’, ಎಂದರೆ ಪ್ರೀತಿ. ಅವನಿಗೆ ಕೇಳಿಸಿದ್ದು ‘ತ್ಸುಕಿ’, ಎಂದರೆ ಚಂದ್ರ. ಅವನು ಆಕಾಶವನ್ನು ನೋಡುತ್ತಾನೆ.

ಕನ್ನಡ ಓದುಗರಿಗೆ ಇಲ್ಲಿ ಲಕ್ಷ್ಮೀಶನ ಚಂದ್ರಹಾಸನು ನೆನಪಾಗದೆ ಇರನು. ಓದಲು ಹಾಕಿದರೆ ಹರಿಯೆಂಬ ಎರಡಕ್ಷರವನ್ನೇ ಹಿಡಿದ ಬಾಲಕ. ಅವನು ತರುಣನಾದ ಮೇಲೆ, ಉದ್ಯಾನದಲ್ಲಿ ನಿದ್ರಿಸುತ್ತಿರುವಾಗ, ದುಷ್ಟಬುದ್ಧಿಯ ಮಗಳು ವಿಷಯೆ ಅವನನ್ನು ಕಂಡು ಅವನ ಬಳಿಯಿದ್ದ ಪತ್ರವನ್ನು ತೆಗೆದು ಓದಿ, ವಿಷವನ್ನು ಕೊಡಬೇಕೆಂದಿದ್ದ ಕಡೆ ಒಂದಕ್ಷರವನ್ನು ತಿದ್ದಿ ತನ್ನ ಹೆಸರನ್ನು ಮಾಡುತ್ತಾಳೆ. ಅಕ್ಷರವೊಂದರಿಂದ ಮರಣವು ಮದುವೆಯಾಯಿತು. ಜಪಾನಿನ ಕಥೆಯಲ್ಲಿ ಅಕ್ಷರವೊಂದರಿಂದ ಪ್ರೀತಿಯು ಚಂದ್ರನಾಯಿತು. ಸಾದೃಶ್ಯವು ಇಲ್ಲಿಗೆ ನಿಲ್ಲುತ್ತದೆ, ಭೇದವು ಮುಖ್ಯವಾದುದು. ವಿಷಯೆಗೆ ಚಂದ್ರಹಾಸನಲ್ಲಿ ಸಾಹಚರ್ಯವೆಂಬುದಿಲ್ಲ, ದರ್ಶನಮಾತ್ರದಿಂದ ಹುಟ್ಟಿದ ಪೂರ್ವಾನುರಾಗ. ಅದು ಶುದ್ಧವಾದ ಶೃಂಗಾರ. ಶೋಕೊಶೋಯರದು ಅಪರಾಧ, ಪಶ್ಚಾತ್ತಾಪ, ಒಡನಾಟ ಇವುಗಳಿಂದ ಮೆಲ್ಲಗೆ ಕಟ್ಟಿದುದು. ಕಡೆಯ ಪುಟದಲ್ಲಿಯೂ ಲೇಖಕಿಯು ಅವರಿಗೆ ವಿವಾಹವನ್ನಾಗಲಿ ಪ್ರೇಮವಚನವನ್ನಾಗಲಿ ಕೊಡುವುದಿಲ್ಲ. ಪ್ರಾಥಮಿಕ ಶಾಲೆಯ ಹಳೆಯ ಸಹಪಾಠಿಗಳು ಸೇರಿದ ಕೊಠಡಿಯ ಬಾಗಿಲನ್ನು ಇಬ್ಬರೂ ಕೈಹಿಡಿದುಕೊಂಡು ತೆರೆಯುತ್ತಾರೆ, ಅಷ್ಟೆ. ನಡುವೆ ಬರುವ ಆತ್ಮಹತ್ಯೆಯ ಪ್ರಯತ್ನದ ಪ್ರಕರಣವು ಕರುಣಕ್ಕೆ ಅವಸರಪಟ್ಟಂತೆ ತೋರುತ್ತದೆ. ಆದರೆ ಈ ಮುಕ್ತಾಯವು ಅದನ್ನು ಮರೆಸುವಷ್ಟು ನಯವಾಗಿದೆ.

ಭಾರತೀಯ ಸಾಹಿತ್ಯದಲ್ಲಿ ಗುರುಕುಲದ ಒಡನಾಟಕ್ಕೆ ಅಭಾವವಿಲ್ಲ. ಕೃಷ್ಣಕುಚೇಲರ ಸಖ್ಯವು ಭಕ್ತಿಯಲ್ಲಿ ಕರಗಿತು. ದ್ರೋಣದ್ರುಪದರ ಸಖ್ಯವು ಸಿರಿಯ ಮದದಿಂದ ಮುರಿದುದನ್ನು ಪಂಪನು ಕಟುವಾಗಿ ಚಿತ್ರಿಸಿದನು. ಪ್ರಕೃತಕ್ಕೆ ಅತ್ಯಂತ ಹತ್ತಿರವಾದುದು ಆದಿಪರ್ವದ ಕಚದೇವಯಾನಿಯರ ಉಪಾಖ್ಯಾನ. ಸಂಜೀವಿನೀವಿದ್ಯೆಗಾಗಿ ಶುಕ್ರಾಚಾರ್ಯರ ಬಳಿಗೆ ಬಂದ ಕಚನು ಹಾಡಿ, ಕುಣಿದು, ಹೂವು ಹಣ್ಣುಗಳನ್ನು ತಂದುಕೊಟ್ಟು ಗುರುಪುತ್ರಿಯನ್ನು ಸಂತೋಷಪಡಿಸುತ್ತಾನೆ. ಅವಳೂ ಹಾಗೆಯೇ ಅವನಿಗೆ ಒಡನಾಡಿಯಾಗುತ್ತಾಳೆ. ಒಂದು ಸಂಜೆ ಸೂರ್ಯನು ಮುಳುಗಿದ್ದಾನೆ, ಅಗ್ನಿಹೋತ್ರವು ಮುಗಿದಿದೆ, ಹಸುಗಳು ಕಾಯುವವನಿಲ್ಲದೆ ತಾವೇ ಹಟ್ಟಿಗೆ ಬಂದಿವೆ, ಕಚನಿಲ್ಲ. ವ್ಯಾಸರ ಈ ಚಿತ್ರಕ್ಕೆ ವ್ಯಾಖ್ಯಾನ ಬೇಡ. ಮಂಗಾ ಬರೆಯುವವರ ಕೈಗೆ ಇದು ಸಿಕ್ಕಿದ್ದರೆ ಮಾತಿಲ್ಲದ ಒಂದು ಪುಟವನ್ನೇ ಆ ಹಸುಗಳಿಗೆ ಬಿಡುತ್ತಿದ್ದರು. ೧೯೬೭ರಲ್ಲಿ ಅನಂತ ಪೈ ಅವರು ಆರಂಭಿಸಿದ ಅಮರ ಚಿತ್ರಕಥೆಯ ಮಾಲೆ ಪುರಾಣಪರಿಚಯಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಆ ಮಾದರಿಯಲ್ಲಿ ಚೌಕದ ನೆತ್ತಿಯ ಮೇಲಿನ ಕಥನವಾಕ್ಯವೇ ಕಥೆಯನ್ನು ಎಳೆದುಕೊಂಡು ಹೋಗುವುದರಿಂದ ಇಂಥ ಮೌನಕ್ಕೆ ಎಡೆ ದೊರೆಯುವುದು ಕಷ್ಟ.

ವಿದ್ಯೆಯು ಕೈಸೇರಿ ಕಚನು ಹೊರಟಾಗ ದೇವಯಾನಿಯು ಪಾಣಿಗ್ರಹಣವನ್ನು ಬೇಡುತ್ತಾಳೆ. ಅವನು ಒಪ್ಪನು. ಗುರುಪುತ್ರಿಯಾದುದರಿಂದಲೂ, ತಾನೂ ಶುಕ್ರನ ಉದರದಲ್ಲಿ ವಾಸಮಾಡಿ ಬಂದವನಾದುದರಿಂದಲೂ ಅವಳು ಧರ್ಮತಃ ಸೋದರಿ ಎನ್ನುತ್ತಾನೆ. ಅವಳು ಶಪಿಸುತ್ತಾಳೆ, ಅವನೂ ಪ್ರತಿಶಾಪವನ್ನು ಕೊಡುತ್ತಾನೆ. ಅವನ ಧರ್ಮನಿಷ್ಠೆಯನ್ನು ಹೊಗಳಿ ಮುಂದಕ್ಕೆ ಹೋಗುವುದು ವಾಡಿಕೆ. ಆದರೆ ಅಷ್ಟು ಕಾಲದ ಒಡನಾಟಕ್ಕೆ ಕಚನ ಬಳಿ ಇದ್ದ ಹೆಸರುಗಳು ಎರಡೇ, ಸೋದರಿ ಇಲ್ಲವೆ ಭಾರ್ಯೆ, ಎಂಬುದನ್ನು ಲಕ್ಷಿಸಬೇಕು. ಮೂರನೆಯ ಹೆಸರೊಂದು ಇದ್ದಿದ್ದರೆ ಎರಡು ಶಾಪಗಳೂ ಅನಾವಶ್ಯಕವಾಗುತ್ತಿದ್ದುವೋ ಏನೋ.

ಇದು ಕೇವಲ ಪುರಾಣದ ಪ್ರಶ್ನೆಯಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರಿಗೆ ಸೇರಿದ್ದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿಯೆಂಬ ಪ್ರತ್ಯೇಕವಾದ ಶೈಕ್ಷಣಿಕ ಜಿಲ್ಲೆ. ಹಸುಗಳು ಒಂಟಿಯಾಗಿ ಹಟ್ಟಿಗೆ ಬಂದರೆ ಮನೆಯವರಿಗೆ ಏನಾಗುವುದೆಂಬುದು ಇಲ್ಲಿಯ ಹಳ್ಳಿಯ ವಿದ್ಯಾರ್ಥಿಗೆ ವ್ಯಾಖ್ಯಾನವಿಲ್ಲದೆ ತಿಳಿಯುತ್ತದೆ. ಪಾವಗಡದ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡವಾದ ಮಕ್ಕಳು ಅನೇಕರು; ಒಂದಕ್ಷರ ತಪ್ಪಿ ಕೇಳಿಸಿದರೆ ಆಗುವ ಅನರ್ಥವನ್ನೂ ಅವರಿಗೆ ಹೇಳಿಕೊಡಬೇಕಾದುದಿಲ್ಲ. ಇಂಥ ಶಾಲೆಗಳಲ್ಲಿ ಹುಡುಗರ ಬೆಂಚು ಒಂದು ಕಡೆ, ಹುಡುಗಿಯರ ಬೆಂಚು ಒಂದು ಕಡೆ. ನಡುವಣ ಮಾತುಕತೆಗೆ ಹಿರಿಯರು ಒಪ್ಪಿದ ಹೆಸರು ಅಣ್ಣತಂಗಿ. ಒಪ್ಪದ ಹೆಸರು ‘ಲವ್ವು’. ಲೆಕ್ಕದ ಪುಸ್ತಕದ ನಡುವೆ ಸಿಕ್ಕ ಚೀಟಿಯು ಎರಡನೆಯ ಹೆಸರನ್ನು ಪಡೆದ ದಿನವೇ ಹುಡುಗಿಯ ಓದಿಗೆ ಸಂಚಕಾರ ಬರುವುದುಂಟು. ಚೀಟಿಯನ್ನು ಓದಿದವರು ವಿಷವೆಂದು ಓದಿದರೋ ವಿಷಯೆಯೆಂದು ಓದಿದರೋ, ಶಿಕ್ಷೆಯೇನೋ ಒಂದೇ. ಆ ಚೀಟಿಯಲ್ಲಿ ಬರಿಯ ಲೆಕ್ಕವೊಂದರ ಉತ್ತರವೋ, ಕಾಯಿಲೆ ಬಿದ್ದ ಸಹಪಾಠಿಯ ಕ್ಷೇಮವಿಚಾರವೋ ಇದ್ದಿರಬಹುದೆಂದು ಊಹಿಸುವುದಕ್ಕೂ ಒಂದು ಮೂರನೆಯ ಹೆಸರು ಬೇಕು. ರಸಪ್ರಕರಣವನ್ನು ಪಾಠ ಹೇಳುವ ಉಪಾಧ್ಯಾಯರು ಒಂಬತ್ತಕ್ಕೆ ನಿಲ್ಲಿಸದೆ ರುದ್ರಟನ ಹತ್ತನೆಯದನ್ನೂ ಹೇಳಿದರೆ ಶಾಸ್ತ್ರಕ್ಕೆ ಹಾನಿಯೇನಿಲ್ಲ.

ತರುಣನೂ ತರುಣಿಯೂ ಇರುವಲ್ಲಿ ಸ್ನೇಹವು ರತಿಯಾಗದೆ ನಿಲ್ಲಲಾರದು, ಜಪಾನಿನ ಕಥೆಗಳೇ ಅದಕ್ಕೆ ಸಾಕ್ಷಿ ಎಂದು ಪೂರ್ವಪಕ್ಷಿಯು ಹೇಳಬಹುದು. ಸವಾಕೊ ಕಜೆಹಾಯನನ್ನು ಪ್ರೀತಿಸಿದಳು, ಶೋಕೊ ಚಂದ್ರನ ಹೆಸರಿನಲ್ಲಿ ಅದನ್ನೇ ಹೇಳಿದಳು, ನಿಜ. ರತಿಯು ಹುಟ್ಟುವುದಿಲ್ಲವೆಂದು ರುದ್ರಟನ ಪಕ್ಷದವರು ವಾದಿಸಬೇಕಾಗಿಲ್ಲ. ಅದು ಹುಟ್ಟಿದ ಮೇಲೆಯೂ ಸ್ನೇಹವು ಅದರಲ್ಲಿ ಲಯವಾಗದೆ ತಾನೇ ಉಳಿಯುವುದೆಂದು ತೋರಿಸಿದರೆ ಸಾಕು. ಅದನ್ನು ರುದ್ರಟನಿಗಿಂತ ಮೊದಲೇ ತೋರಿಸಿದ ಕವಿಯು ಭವಭೂತಿ. ‘ಉತ್ತರರಾಮಚರಿತ’ದ ಎರಡನೆಯ ಅಂಕದಲ್ಲಿ ಆತ್ರೇಯಿಯು ವಾಲ್ಮೀಕಿಯ ಆಶ್ರಮವನ್ನು ಬಿಟ್ಟು ಬಂದಿದ್ದಾಳೆ, ಲವಕುಶರ ಬುದ್ಧಿಯ ವೇಗಕ್ಕೆ ಸಮನಾಗಿ ಓದಲಾರದುದು ಕಾರಣ. ಹಿಂದೆ ಬಿದ್ದವಳಿಗೆ ಆ ಬಾಲಕರ ಮೇಲೆ ಅಸೂಯೆಯಿಲ್ಲ; ವನದೇವತೆಯ ಮುಂದೆ ಅವರ ಮೇಧೆಯನ್ನು ಅವಳೇ ಕೊಂಡಾಡುತ್ತಾಳೆ.

‘ಮಾಲತೀಮಾಧವ’ದಲ್ಲಿ ಇದು ಇನ್ನೂ ಸ್ಪಷ್ಟ. ಆ ನಾಟಕವನ್ನು ಪಾಠ ಹೇಳುವಾಗ ಮಾಧವನ ಪೂರ್ವಾನುರಾಗದಿಂದ ತೊಡಗುವುದು ರೂಢಿಯಾದರೂ ಕಥೆಯು ಮೊದಲಾಗಿರುವುದು ಅದಕ್ಕೂ ಒಂದು ತಲೆಮಾರು ಹಿಂದೆ. ಭೂರಿವಸು, ದೇವರಾತ, ಕಾಮಂದಕೀ ಮೂವರೂ ಬೇರೆ ಬೇರೆ ಕಡೆಗಳಿಂದ ವಿದ್ಯೆಗಾಗಿ ಬಂದು ಒಂದೆಡೆ ಓದಿದವರು. ತಮಗೆ ಮಕ್ಕಳಾದರೆ ಬೀಗರಾಗೋಣವೆಂದು ಗಂಡಸರಿಬ್ಬರು ಮಾತುಕೊಟ್ಟುಕೊಂಡರು. ಕಾಮಂದಕಿಯು ಅದಕ್ಕೆ ಸಾಕ್ಷಿಯಾದಳು. ಮುಂದೆ ಅವರು ಎರಡು ರಾಜ್ಯಗಳ ಮಂತ್ರಿಗಳಾದರು, ಅವಳು ಬೌದ್ಧಭಿಕ್ಷುಣಿಯಾದಳು. ರಾಜನಿಗೆ ಅಂಜಿ ಭೂರಿವಸುವು ಬಹಿರಂಗವಾಗಿ ಮಾತನ್ನು ಉಳಿಸಿಕೊಳ್ಳಲಾರದೆ ಹೋದಾಗ, ಕಾಷಾಯವನ್ನುಟ್ಟ ಈ ಹಳೆಯ ಸಹಪಾಠಿನಿಯು ಗೆಳೆಯರ ಮಾತಿಗಾಗಿ ಊರೆಲ್ಲ ಓಡಾಡಿ ಮದುವೆಯನ್ನು ನಡೆಸುತ್ತಾಳೆ. ಅವಳ ಆ ಓಡಾಟವನ್ನು ಯಾವ ರಸದ ಲೆಕ್ಕಕ್ಕೆ ಬರೆಯಬೇಕೆಂಬುದಕ್ಕೆ ಅಭಿನವಗುಪ್ತಪಾದರ ಪಕ್ಷದವರು ಉತ್ತರವನ್ನು ಕೊಡಬೇಕಾಗಿದೆ.