ಮೂಲೆ ಸೇರಿದ್ದ ಮೊಳೆಗಳು

ಮಗಳು ರೇಚಲ್‌ಗೆ ಒಂದು ವರ್ಷ ತುಂಬಿದ ನೆಪದಲ್ಲಿ ಅಪ್ಪ ಒಂದು ಪುಸ್ತಕ ಅಚ್ಚು ಹಾಕಿದರು. ಊರು ಆಕ್ಸ್‌ಫರ್ಡ್, ವರ್ಷ 1881. ಪ್ರತಿಗಳು 36, ಅಷ್ಟೇ. ಲೂಯಿಸ್ ಕ್ಯಾರಲ್, ರಾಬರ್ಟ್ ಬ್ರಿಜಸ್, ಎಡ್ಮಂಡ್ ಗಾಸ್ ಮೊದಲಾದವರು ಕೂಸಿಗೆಂದು ಪದ್ಯ ಬರೆದುಕೊಟ್ಟಿದ್ದರು. ಗಮ್ಮತ್ತು ಇರುವುದು ಶೀರ್ಷಿಕೆ ಪುಟದಲ್ಲಿ. ಗಾಸ್‌ಗೆ ಹೋದ ಪ್ರತಿಯಲ್ಲಿ ಪುಸ್ತಕ ಗಾಸ್ ಅವರದು, ಉಳಿದ ಕವಿಗಳೆಲ್ಲ ಹೆಸರಿಲ್ಲದ 'ಇತರರು'. ಇನ್ನೊಬ್ಬರ ಪ್ರತಿಯಲ್ಲಿ ಗಾಸ್ ಆ 'ಇತರ'ರ ಗುಂಪಿಗೆ! ಒಬ್ಬೊಬ್ಬ ಕವಿಗೂ ಹೆಸರಿನ ಅಚ್ಚುಮೊಳೆ ಕಳಚಿ ಮತ್ತೆ ಜೋಡಿಸುವ ಈ ರಗಳೆಯನ್ನು ಹೊಟ್ಟೆಪಾಡಿನ ಮುದ್ರಕ ಯಾರೂ ಮೈಮೇಲೆ ಎಳೆದುಕೊಳ್ಳುವುದಿಲ್ಲ.

ಅಪ್ಪ, ಚಾರ್ಲ್ಸ್ ಹೆನ್ರಿ ಆಲಿವ್ ಡೇನಿಯಲ್, ಪಾದ್ರಿ. ವೂಸ್ಟರ್ ಕಾಲೇಜಿನ ಮೇಷ್ಟ್ರು, ಮುಂದೆ ಅದರ ಮುಖ್ಯಸ್ಥರೂ ಆದವರು. ಅಚ್ಚಿನ ಹುಚ್ಚು ಹತ್ತಿದ್ದು 1845ರಲ್ಲಿ, ಇನ್ನೂ ಹುಡುಗನಾಗಿದ್ದಾಗ. ಆದರೆ ಅವರ ಹೆಸರು ಉಳಿದಿರುವುದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದಲ್ಲಿ ಮೂಲೆ ಸೇರಿದ್ದ ಹಳೆಯ ಅಕ್ಷರಗಳನ್ನು ಮತ್ತೆ ಮಸಿಗೆ ತಂದುದರಿಂದ.

ಆ ಅಕ್ಷರಗಳನ್ನು ಕೂಡಿಹಾಕಿದ್ದು ಇನ್ನೊಬ್ಬ ಪಾದ್ರಿ, ಜಾನ್ ಫೆಲ್. ವಿಶ್ವವಿದ್ಯಾಲಯಕ್ಕೆ ಒಳ್ಳೆಯ ಮೊಳೆಯಿಲ್ಲವೆಂಬ ಕೊರಗಿನಲ್ಲಿ ಅವರು 1670ರ ಹೊತ್ತಿಗೆ ಹಾಲೆಂಡಿನಲ್ಲಿದ್ದ ಥಾಮಸ್ ಮಾರ್ಷಲ್‌ರನ್ನು ಖರೀದಿಗೆ ಹಚ್ಚಿದರು. ಬೇಕಾಗಿದ್ದುದು ಮೊಳೆಯಲ್ಲ, ಮೊಳೆಯ ತಾಯಿಬೇರು. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ಉಲ್ಟಾ ಕೊರೆದರೆ ಅದು ಪಂಚ್. ಅದನ್ನು ತಾಮ್ರದ ತುಂಡಿಗೆ ಬಡಿದರೆ ಬೀಳುವ ಗುಳಿಯೇ ಅಚ್ಚು. ಅದಕ್ಕೆ ಕರಗಿದ ಸೀಸದ ಮಿಶ್ರಲೋಹ ಹೊಯ್ದರೆ ಮೊಳೆ. ಪಂಚ್ ಮತ್ತು ಅಚ್ಚು ಕೈಯಲ್ಲಿದ್ದರೆ ಮೊಳೆ ಸವೆದರೂ ಚಿಂತೆಯಿಲ್ಲ. ಹೀಗೆ ಬಂದ ಸಂಗ್ರಹದಲ್ಲಿ ಹಿಂದಿನ ಶತಮಾನದ ಫ್ರೆಂಚ್ ಕುಶಲಿ ರಾಬರ್ಟ್ ಗ್ರಾಂಜೋನ್‌ನ ಕೆಲಸವೂ ಇತ್ತು. 1676ರಲ್ಲಿ ಪೀಟರ್ ಡಿ ವಾಲ್ಪರ್ಗೆನ್ ಎಂಬ ಅಕ್ಷರಕೊರೆಯುವವನನ್ನೇ ಆಕ್ಸ್‌ಫರ್ಡಿಗೆ ಕರೆಸಿಕೊಂಡರು. 1686ರಲ್ಲಿ ಫೆಲ್ ತೀರಿಕೊಂಡಾಗ ಇದೆಲ್ಲ ವಿಶ್ವವಿದ್ಯಾಲಯದ ಪಾಲಾಯಿತು. ಕಾಲಕ್ರಮದಲ್ಲಿ ನಯವಾದ ಹೊಸ ಅಕ್ಷರಗಳ ಮುಂದೆ ಇವು ಹಳ್ಳಿಗಮಾರರಂತೆ ಕಂಡು ಹಿಂದೆ ಬಿದ್ದವು.

ಗಮಾರತನ ಸುಳ್ಳೇನಲ್ಲ. ಬೇರೆ ಬೇರೆ ಕೈಗಳು ಕೊರೆದ ಅಕ್ಷರಗಳಿವು. ಒಂದಕ್ಕೊಂದು ಪೂರಾ ಹೊಂದುವುದಿಲ್ಲ, ಸಾಲು ಒಂಚೂರು ಕುಣಿಯುತ್ತದೆ. ಒರಟು ಕಾಗದದ ಮೇಲೆ ಮಾತ್ರ ಆ ಕುಣಿತಕ್ಕೊಂದು ಕಳೆ. ಡೇನಿಯಲ್ 1877ರಲ್ಲಿ ಅವನ್ನು ಬಳಸತೊಡಗಿದರು. ಹಳೆಯ ಅಕ್ಷರಗಳ ಮೋಹಕ್ಕೆ ಹೆಸರಾದ ವಿಲಿಯಂ ಮಾರಿಸ್‌ರ ಕೆಲ್ಮ್‌ಸ್ಕಾಟ್ ಪ್ರೆಸ್ ಶುರುವಾದದ್ದು 1891ರಲ್ಲಿ. ಮಾರಿಸ್‌ಗೆ ಸಿಕ್ಕ ಕೀರ್ತಿಯ ಕಾಲುಭಾಗವಾದರೂ ಈ ಪಾದ್ರಿಗೆ ಸಲ್ಲಬೇಕಿತ್ತು.

ಆಮೇಲೆ ಬ್ರಿಜಸ್‌ರ ಸ್ತೋತ್ರಗೀತೆಗಳ ಪುಸ್ತಕ 'ಯಾಟೆಂಡನ್ ಹಿಮ್ನಲ್' ವಾಲ್ಪರ್ಗೆನ್‌ನ ಸಂಗೀತಲಿಪಿಯ ಮೊಳೆಗಳಲ್ಲೇ ಬಂತು. 1919ರಲ್ಲಿ ಡೇನಿಯಲ್ ತೀರಿಕೊಂಡ ಮೇಲೆ ಅವರ ಆಲ್ಬಿಯನ್ ಕೈಪ್ರೆಸ್ ಬೋಡ್ಲಿಯನ್ ಗ್ರಂಥಾಲಯ ಸೇರಿತು. 1921ರಲ್ಲಿ ಅವರ ಸ್ಮರಣೆಯ ಪುಸ್ತಕವನ್ನು ಅದೇ ಯಂತ್ರದಲ್ಲಿ ಅಚ್ಚು ಹಾಕಿದರು. ಮುದ್ರಣ ಚರಿತ್ರಕಾರ ಸ್ಟ್ಯಾನ್ಲಿ ಮಾರಿಸನ್ ಫೆಲ್ ಅಕ್ಷರಗಳ ಚರಿತ್ರೆ ಬರೆದರು, ಅದನ್ನೂ ಆ ಮೊಳೆಗಳಲ್ಲೇ ಕೈಯಿಂದ ಜೋಡಿಸಲಾಯಿತು. ಪುಸ್ತಕ ಹೊರಬಂದದ್ದು 1967ರ ಅಕ್ಟೋಬರ್ 12ರಂದು. ಮಾರಿಸನ್ ಹಿಂದಿನ ದಿನವೇ ಹೋಗಿಬಿಟ್ಟಿದ್ದರು.

ಈಗ ಇಟಲಿಯ ಇಜೀನೊ ಮಾರಿನಿ ಫೆಲ್ ಅಕ್ಷರಗಳನ್ನು ಕಂಪ್ಯೂಟರ್ ಫಾಂಟ್ ಮಾಡಿದ್ದಾರೆ, ಪುಕ್ಕಟೆ ಸಿಗುತ್ತವೆ. ದೊಡ್ಡದು ಮಾಡಿ ನೋಡಿದರೆ ಅಕ್ಷರದ ಅಂಚಿನಲ್ಲಿ ಮಸಿ ಒಸರಿದ ಒರಟು ಹಾಗೇ ಇದೆ.